ಮಲೆನಾಡಿನ ಮನೆಯ ಕಂಪ್ಯೂಟರ್ ಕೈಕೊಟ್ಟಾಗ: ಗೋಡೆಯ ಸಾಕೆಟ್‌ನಿಂದ ಒಳಗೆ ಹುಡುಕುವ ಬಗೆ

ನಮ್ಮ ಕಡೆ ಕಂಪ್ಯೂಟರ್ ಕೆಡುವುದಕ್ಕೂ ಒಂದು ಕಾಲಮಾನವಿದೆ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಗೆ ಸಿಡಿಲಿನಿಂದ ಸುಟ್ಟವು ಬರುತ್ತವೆ. ಪುನರ್ವಸು, ಪುಷ್ಯ ಮಳೆ ಹಿಡಿದು ಕೂತಾಗ ತೇವ ಹತ್ತಿ ಮಂಕಾದವು ಬರುತ್ತವೆ. ಅಡಿಕೆ ಕೊಯ್ಲು ಶುರುವಾಗಿ ಅಂಗಳದಲ್ಲಿ ಒಲೆ ಹೊತ್ತಿದ ಮೇಲೆ ಹೊಗೆ, ಧೂಳು ತುಂಬಿ ಬಿಸಿಯಾಗುವವುಗಳ ಸರದಿ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆಯನ್ನು ಬಿಡಿ, ತೀರ್ಥಹಳ್ಳಿ, ಹೊಸನಗರ, ಸಾಗರದ ಸಾಧಾರಣ ಮಳೆಗಾಲವೇ ಯಾವ ಯಂತ್ರಕ್ಕಾದರೂ ಸಾಕಷ್ಟು ಕಠಿಣ.

ಕಂಪ್ಯೂಟರ್ ಬಗ್ಗೆ ಕನ್ನಡದಲ್ಲಿ ಬರೆಯುವುದು, ಈ ಭಾಗದ ಮನೆಗಳವರಿಗೆ ಅದನ್ನು ಬಳಸಲು ನೆರವಾಗುವುದು ನನ್ನ ಕೆಲಸ. ಫೋನ್ ಎತ್ತಿದ ಕೂಡಲೇ ಕೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: ‘ಕಂಪ್ಯೂಟರ್ ಹಾಳಾಗಿದೆ ಮಾರಾಯರೇ.’ ಹೋಗಿ ನೋಡಿದರೆ ಹೆಚ್ಚಿನ ಸಲ ಹಾಳಾದದ್ದು ಕಂಪ್ಯೂಟರ್ ಅಲ್ಲ. ಅದಕ್ಕೆ ಬರುವ ಕರೆಂಟ್, ಅದನ್ನು ತರುವ ವೈರ್, ಅದರ ಒಳಗೆ ಕುಳಿತ ತೇವ, ಇವುಗಳಲ್ಲಿ ಒಂದು. ಆದ್ದರಿಂದ ಹುಡುಕಾಟ ಗೋಡೆಯಿಂದ ಶುರುವಾಗಿ ಒಳಗೆ ಸಾಗಬೇಕು. ಕಾಸಿಲ್ಲದೆ ನೋಡಬಹುದಾದದ್ದನ್ನು ಮೊದಲು ನೋಡಿ ಮುಗಿಸಬೇಕು. ಇದೊಂದು ಕ್ರಮ ಹಿಡಿದರೆ ಶಿವಮೊಗ್ಗದವರೆಗೆ ಬಸ್ಸಿನಲ್ಲಿ ಕ್ಯಾಬಿನೆಟ್ ಹೊತ್ತುಕೊಂಡು ಹೋಗುವ ಎಷ್ಟೋ ಪ್ರಯಾಣ ತಪ್ಪುತ್ತದೆ.

ಮುಟ್ಟುವ ಮೊದಲು

ಕೈ ಒಣಗಿರಲಿ, ಕಾಲಿನಲ್ಲಿ ರಬ್ಬರ್ ಚಪ್ಪಲಿ ಇರಲಿ. ಮಳೆಗಾಲದಲ್ಲಿ ಶೀತ ಬಂದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಪ್ಲಗ್ ಕೀಳಬೇಡಿ. ಕ್ಯಾಬಿನೆಟ್‌ನ ಮುಚ್ಚಳ ತೆಗೆಯುವುದಾದರೆ ಸ್ವಿಚ್ ಆರಿಸಿದರೆ ಸಾಲದು, ವೈರನ್ನೇ ಗೋಡೆಯಿಂದ ಕಿತ್ತಿಡಿ. ಗುಡುಗು ಕೇಳಿಸುತ್ತಿರುವಾಗ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಸುಟ್ಟ ವಾಸನೆ, ಹೊಗೆ, ಕಿಡಿ ಕಂಡರೆ ಮುಂದಿನದನ್ನು ಓದುವ ಅಗತ್ಯವೇ ಇಲ್ಲ. ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್‌ಗೆ ಹೇಳಿ ಕಳಿಸಿ.

ಗುಂಡಿ ಒತ್ತಿದರೂ ಏನೂ ಆಗುತ್ತಿಲ್ಲ

ದೀಪವಿಲ್ಲ, ಫ್ಯಾನ್ ಸದ್ದಿಲ್ಲ. ಮೊದಲು ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ. ಮೊಬೈಲ್ ಚಾರ್ಜ್ ಆಗದಿದ್ದರೆ ದೋಷ ಸಾಕೆಟ್‌ನದು. ಕಂಪ್ಯೂಟರ್, ಮಾನಿಟರ್, ಪ್ರಿಂಟರ್ ಮೂರನ್ನೂ ಸೇರಿಸಿರುವ ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಅದರ ಫ್ಯೂಸ್ ಹೋಗಿರಬಹುದು, ಅಥವಾ ಅದರ ಬದಿಯ ಪುಟ್ಟ ಗುಂಡಿ ಹೊರಗೆ ಹಾರಿರಬಹುದು. ಬೋರ್ಡನ್ನು ಬಿಟ್ಟು ನೇರವಾಗಿ ಗೋಡೆಗೆ ಹಾಕಿ ನೋಡಿ.

ಸಾಕೆಟ್‌ನಲ್ಲಿ ಕರೆಂಟ್ ಇದೆಯೆಂದಾದರೆ ಮನೆಯ ಬಲ್ಬುಗಳ ಕಡೆ ಕಣ್ಣು ಹಾಯಿಸಿ. ಮನೆಗೆ ಬರಬೇಕಾದದ್ದು 230 ವೋಲ್ಟ್. ಸಂಜೆ ತೋಟಗಳ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವಾಗ, ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಒಂಟಿ ಮನೆಗಳಲ್ಲಿ ಅದು ಬಹಳ ಕೆಳಗಿಳಿಯುತ್ತದೆ. ಎಲ್‌ಇಡಿ ಬಲ್ಬ್ ಅಷ್ಟರಲ್ಲೂ ಉರಿಯುತ್ತದೆ. ಫ್ಯಾನ್ ಮೆಲ್ಲಗೆ ತಿರುಗುತ್ತದೆ. ಕಂಪ್ಯೂಟರ್ ಮಾತ್ರ ಏಳುವುದಿಲ್ಲ, ಎದ್ದರೂ ನಡುವೆ ಆರಿಹೋಗುತ್ತದೆ. ರಾತ್ರಿ ಹತ್ತರ ಮೇಲೆ ಅಥವಾ ಬೆಳಗಿನ ಜಾವ ಅದೇ ಕಂಪ್ಯೂಟರ್ ಸರಿಯಾಗಿ ಶುರುವಾದರೆ ನಿಮ್ಮ ತೊಂದರೆಯ ಹೆಸರು ಕಡಿಮೆ ವೋಲ್ಟೇಜ್. ಅದಕ್ಕೆ ಮದ್ದು ಸ್ಟೆಬಿಲೈಸರ್, ಇಲ್ಲವೇ ಸ್ಟೆಬಿಲೈಸರ್ ಒಳಗೊಂಡ ಯುಪಿಎಸ್ (ಕರೆಂಟ್ ಹೋದಾಗ ಬ್ಯಾಟರಿಯಿಂದ ಓಡಿಸುವ ಪೆಟ್ಟಿಗೆ). ಕಂಪ್ಯೂಟರಿನ ಭಾಗಗಳನ್ನು ಬದಲಿಸುತ್ತಾ ಹೋದರೆ ಹಣ ದಂಡ.

ಇದಕ್ಕೆ ತದ್ವಿರುದ್ಧವಾದ ಲಕ್ಷಣ ಹೆಚ್ಚು ಅಪಾಯದ್ದು. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದ ಮೇಲೆ ಮನೆಯ ಕೆಲವು ಬಲ್ಬುಗಳು ಎಂದಿಗಿಂತ ಬೆಳ್ಳಗೆ, ಕಣ್ಣು ಕುಕ್ಕುವಂತೆ ಉರಿದರೆ, ಫ್ಯಾನ್ ರೊಯ್ಯನೆ ತಿರುಗಿದರೆ, ನ್ಯೂಟ್ರಲ್ ತಂತಿ ಕಡಿದಿರುವ ಸಾಧ್ಯತೆ ಇದೆ. ಆಗ 230 ಬರುವಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು, 400 ವೋಲ್ಟ್ ಹತ್ತಿರದವರೆಗೂ ಬರಬಹುದು. ಯೋಚಿಸುತ್ತಾ ನಿಲ್ಲಬೇಡಿ, ಮೇನ್ ಸ್ವಿಚ್ ಆರಿಸಿ. ಆಮೇಲೆ ವಿದ್ಯುತ್ ದೂರಿನ 1912 ಸಂಖ್ಯೆಗೆ ಫೋನ್ ಮಾಡಿ. ಒಂದೇ ಸಂಜೆಯಲ್ಲಿ ಟಿವಿ, ಫ್ರಿಜ್, ಕಂಪ್ಯೂಟರ್ ಮೂರೂ ಸುಟ್ಟ ಮನೆಗಳನ್ನು ನೋಡಿದ್ದೇನೆ. ಬಲ್ಬ್ ಬೆಳ್ಳಗಾದದ್ದನ್ನು ಎಲ್ಲರೂ ಕಂಡಿದ್ದರು, ಅದರ ಅರ್ಥವನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಕರೆಂಟ್ ಸರಿಯಿದ್ದರೆ ಮುಂದಿನದು ಪವರ್ ವೈರ್. ಡೆಸ್ಕ್‌ಟಾಪ್‌ನ ಹಿಂಬದಿಗೂ ಮಾನಿಟರ್‌ನ ಹಿಂಬದಿಗೂ ಸಾಮಾನ್ಯವಾಗಿ ಒಂದೇ ಬಗೆಯ ವೈರ್ ಇರುತ್ತದೆ. ಎರಡನ್ನೂ ಅದಲುಬದಲು ಮಾಡಿ. ಈಗ ಮಾನಿಟರ್ ಸತ್ತು ಕಂಪ್ಯೂಟರ್ ಎದ್ದರೆ ವೈರ್ ಹೋಗಿದೆ ಎಂದರ್ಥ. ಕ್ಯಾಬಿನೆಟ್‌ನ ಹಿಂದೆ, ವೈರ್ ಸಿಕ್ಕಿಸುವ ಜಾಗದ ಪಕ್ಕದಲ್ಲೇ ಒಂದು ಸ್ವಿಚ್ ಇರುತ್ತದೆ. ಗುಡಿಸುವಾಗ ಕಡ್ಡಿ ತಾಗಿ ಅದು ಆರಿರುವುದುಂಟು. ಹಳೆಯ ಯಂತ್ರಗಳಲ್ಲಿ ಅಲ್ಲೇ 115, 230 ಎಂದು ಬರೆದ ಕೆಂಪು ಗುಂಡಿಯೂ ಇರುತ್ತದೆ. ಅದು 230ರಲ್ಲೇ ಇರಬೇಕು, ಮಕ್ಕಳ ಕೈಗೆ ಸಿಗದಂತೆ ಅದರ ಮೇಲೆ ಟೇಪ್ ಅಂಟಿಸಿಡಿ.

ಇಷ್ಟಾದರೂ ಏಳದಿದ್ದರೆ ವೈರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಹರಿದುಹೋಗುತ್ತದೆ. ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಸಿಡಿಲು ಮಿಂಚಿದ ಮರುದಿನ ಏಳದ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಇಷ್ಟರಿಂದಲೇ ಎದ್ದಿವೆ. ಲ್ಯಾಪ್‌ಟಾಪ್‌ಗೆ ಅದೇ ಅಳತೆಯ ಇನ್ನೊಂದು ಚಾರ್ಜರ್ ನೆರೆಮನೆಯಲ್ಲಿ ಸಿಕ್ಕರೆ, ಎರಡರ ಮೇಲೂ ಬರೆದ ವೋಲ್ಟ್ ಸಂಖ್ಯೆ ಮತ್ತು ಪಿನ್ ಒಂದೇ ಎಂಬುದನ್ನು ಖಚಿತ ಮಾಡಿಕೊಂಡು ಹಾಕಿ ನೋಡಬಹುದು. ಆಂಪಿಯರ್ ಸಂಖ್ಯೆ ನಿಮ್ಮದಕ್ಕಿಂತ ಕಡಿಮೆ ಇರಬಾರದು, ಹೆಚ್ಚಿದ್ದರೆ ತೊಂದರೆಯಿಲ್ಲ.

ಇಲ್ಲಿಗೆ ನಿಲ್ಲಿಸಿ. ಉಳಿದ ಅನುಮಾನ ಕರೆಂಟ್ ಬಂದು ಸೇರುವ ಲೋಹದ ಪೆಟ್ಟಿಗೆಯ ಮೇಲೆ, ಅಂದರೆ ಎಸ್‌ಎಂಪಿಎಸ್ ಮೇಲೆ. ಅದನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಅದರೊಳಗಿನ ಕೆಪಾಸಿಟರ್‌ಗಳು 300 ವೋಲ್ಟ್‌ಗೂ ಮೀರಿದ ವಿದ್ಯುತ್ತನ್ನು ಹಿಡಿದಿರುತ್ತವೆ, ವೈರ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿಯಬಹುದು. ಒಳಗೆ ಹಲ್ಲಿ ಸತ್ತಿದೆ, ವಾಸನೆ ಬರುತ್ತಿದೆ ಎಂದು ಸ್ಕ್ರೂ ಡ್ರೈವರ್ ಹಿಡಿದವರಿದ್ದಾರೆ. ಹಲ್ಲಿ ಸಿಕ್ಕಿ ಸುಟ್ಟದ್ದು ನಮ್ಮ ಕಡೆ ಅಪರೂಪವಲ್ಲ ಎಂಬುದು ನಿಜ, ಆದರೆ ಆ ಪೆಟ್ಟಿಗೆಯನ್ನು ಇಡಿಯಾಗಿ ಬದಲಿಸುವುದೇ ಸರಿ.

ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಮಳೆಗಾಲದ ಮುಖ್ಯ ದೂರು ಇದೇ. ಮೊದಲು ಮಾನಿಟರ್‌ನ ಪುಟ್ಟ ದೀಪ ನೋಡಿ. ದೀಪವೇ ಇಲ್ಲದಿದ್ದರೆ ಮಾನಿಟರ್‌ಗೆ ಕರೆಂಟ್ ಇಲ್ಲ. ದೀಪ ಕಿತ್ತಳೆ ಬಣ್ಣದಲ್ಲಿದ್ದರೆ, ಅಥವಾ ಪರದೆಯ ಮೇಲೆ ‘ನೋ ಸಿಗ್ನಲ್’ ಎಂದು ಬಂದು ಮಾಯವಾದರೆ, ಸಂತೋಷಪಡಿ: ಮಾನಿಟರ್ ಚೆನ್ನಾಗಿದೆ, ಅದಕ್ಕೆ ಚಿತ್ರ ತಲುಪುತ್ತಿಲ್ಲ ಅಷ್ಟೇ. ಎರಡೂ ತುದಿಯ ಕೇಬಲ್ ಬಿಚ್ಚಿ ಗಟ್ಟಿಯಾಗಿ ಕೂರಿಸಿ. ನೀಲಿ ತಲೆಯ ಹಳೆಯ ವಿಜಿಎ ಕೇಬಲ್ ಆದರೆ ಅದರ ಸೂಜಿಗಳಲ್ಲಿ ಒಂದು ಬಾಗಿದೆಯೇ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಹಿಂದೆ ಎರಡು ಕಡೆ ಕೇಬಲ್ ಹಾಕುವ ಕಿಂಡಿ ಇರುತ್ತದೆ, ಕಾರ್ಡಿನ ಕಿಂಡಿಗೇ ಹಾಕಬೇಕು.

ಲ್ಯಾಪ್‌ಟಾಪ್ ಆಗಿದ್ದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಪರದೆಯ ಮೇಲೆ ಬಿಡಿ. ಮಸುಕಾಗಿ ಅಕ್ಷರ, ಚಿತ್ರ ಕಂಡರೆ ಯಂತ್ರ ಓಡುತ್ತಿದೆ, ಪರದೆಯ ಹಿಂದಿನ ಬೆಳಕು ಮಾತ್ರ ಹೋಗಿದೆ. ಅದು ಅಂಗಡಿಯ ಕೆಲಸ. ಅಲ್ಲಿಯವರೆಗೆ ಟಿವಿಗೆ ಕೇಬಲ್ ಹಾಕಿ ಕೆಲಸ ಸಾಗಿಸಬಹುದು, ಕಡತಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಬಹುದು.

ಇಷ್ಟೂ ಸರಿಯಿದ್ದು ಪರದೆ ಕಪ್ಪಾಗಿಯೇ ಇದ್ದರೆ ನಮ್ಮ ಹವೆಯಲ್ಲಿ ಮೊದಲ ಅನುಮಾನ ಯಂತ್ರದ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ್‍ಯಾಮ್ ಮೇಲೆ. ವಾರಗಟ್ಟಲೆ ಹಚ್ಚದೆ ಇಟ್ಟ ಡೆಸ್ಕ್‌ಟಾಪ್, ಶೀತ ಬಂದ ಮಣ್ಣಿನ ಗೋಡೆಗೆ ತಾಗಿ ಕುಳಿತದ್ದು, ಇದಕ್ಕೆ ಬಲಿಯಾಗುತ್ತದೆ. ತೀರ್ಥಹಳ್ಳಿ ಕಡೆಯ ಒಂದು ಹಂಚಿನ ಮನೆಯಲ್ಲಿ ತೆಗೆದ ರ್‍ಯಾಮ್ ಪಟ್ಟಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೆರಳುದ್ದದ ಹಸಿರು ಹಲಗೆಯ ಅಂಚಿನಲ್ಲಿ ಸಾಲಾಗಿ ಹೊಳೆಯಬೇಕಿದ್ದ ಬಂಗಾರದ ಬಣ್ಣದ ಪಟ್ಟಿಗಳು ಮಂಕಾಗಿ, ಕೆಲವು ಕಡೆ ಕಂದು ಕಲೆ ಹತ್ತಿ, ಒಂದು ತುದಿಯಲ್ಲಿ ಬೂಷ್ಟಿನ ಬಿಳಿ ಪುಡಿ ಕೂತಿತ್ತು. ಆ ಮನೆಯ ಅಮ್ಮ ‘ಹೊಸ ಕಂಪ್ಯೂಟರ್ ತರಬೇಕೇನೋ ತಮ್ಮಾ’ ಎಂದು ಕೇಳುತ್ತಿದ್ದರು. ಅವರ ಮೊಮ್ಮಗಳ ಪೆನ್ಸಿಲ್ ಡಬ್ಬಿಯಿಂದ ಮೆತ್ತನೆಯ ರಬ್ಬರ್ ತೆಗೆದು, ಆ ಪಟ್ಟಿಗಳನ್ನು ಮೇಲಿನಿಂದ ಕೆಳಕ್ಕೆ ಹಗುರವಾಗಿ ಉಜ್ಜಿದೆವು. ಹೊಳಪು ಬಂತು. ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ, ಮತ್ತೆ ಕೂರಿಸಿ ಹಚ್ಚಿದಾಗ ಪರದೆ ಬೆಳಗಿತು.

ನೀವೂ ಇದನ್ನು ಮಾಡಬಹುದು, ಆದರೆ ಕ್ರಮ ಮುಖ್ಯ. ವೈರ್ ಕಿತ್ತು ಹತ್ತು ನಿಮಿಷ ಬಿಡಿ. ಕ್ಯಾಬಿನೆಟ್‌ನ ಬರಿಯ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲಿ. ರ್‍ಯಾಮ್‌ನ ಎರಡೂ ತುದಿಯ ಕೊಂಡಿಗಳನ್ನು ಹೊರಕ್ಕೆ ಒತ್ತಿದರೆ ಪಟ್ಟಿ ತಾನಾಗಿ ಮೇಲೇಳುತ್ತದೆ. ಅಂಚು ಹಿಡಿದು ತೆಗೆಯಿರಿ, ಚಿಪ್‌ಗಳನ್ನು ಮುಟ್ಟಬೇಡಿ. ಶಾಯಿ ಅಳಿಸುವ ಒರಟು ರಬ್ಬರ್ ಬೇಡ, ಮರಳು ಕಾಗದವಂತೂ ಬೇಡವೇ ಬೇಡ. ಮತ್ತೆ ಕೂರಿಸುವಾಗ ನಡುವಿನ ಕಚ್ಚು ಸ್ಲಾಟ್‌ನ ಕಚ್ಚಿಗೆ ಸರಿಹೊಂದಬೇಕು. ಒತ್ತಿದಾಗ ಕೊಂಡಿ ‘ಟಕ್’ ಎಂದು ಕೂರಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ.

ಶುರುವಾಗುವಾಗ ‘ಬೀಪ್’ ಸದ್ದು ಬರುತ್ತಿದ್ದರೆ ಅದನ್ನು ಎಣಿಸಿ ಬರೆದಿಡಿ: ಎಷ್ಟು ಸಲ, ಉದ್ದವೋ ಗಿಡ್ಡವೋ. ಅದರ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆ. ಆದರೂ ರಿಪೇರಿ ಮಾಡುವವರಿಗೆ ಅದು ಅರ್ಧ ಕೆಲಸ ಉಳಿಸುತ್ತದೆ.

ತೇವ ಹತ್ತಿದೆ ಎಂದು ಕಂಪ್ಯೂಟರನ್ನು ಬಚ್ಚಲೊಲೆಯ ಹತ್ತಿರ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ಮುಚ್ಚಳ ತೆಗೆದು ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಒಂದು ದಿನ ಇಡಿ. ಇದಕ್ಕಿಂತ ಒಳ್ಳೆಯದು ತೇವ ಹತ್ತದಂತೆ ನೋಡಿಕೊಳ್ಳುವುದು. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಮೇಲೆ ಇಡಿ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಮ್ಮೆ ಅರ್ಧ ಗಂಟೆ ಹಚ್ಚಿಡಿ. ಅದರ ಸ್ವಂತ ಬಿಸಿಯೇ ಅದನ್ನು ಒಣಗಿಸುತ್ತದೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ತೇವ ಸಿಕ್ಕಿಕೊಳ್ಳುತ್ತದೆ, ಹತ್ತಿ ಬಟ್ಟೆ ಸಾಕು.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ

ಇದನ್ನು ‘ಸ್ವಲ್ಪ ಶಾಕ್ ಹೊಡೆಯುತ್ತದೆ, ಅಭ್ಯಾಸವಾಗಿದೆ’ ಎಂದು ಹೇಳುವವರು ಬಹಳ. ದಯವಿಟ್ಟು ಅಭ್ಯಾಸ ಮಾಡಿಕೊಳ್ಳಬೇಡಿ. ಕಂಪ್ಯೂಟರಿನ ಎಸ್‌ಎಂಪಿಎಸ್ ಒಳಗೆ ಕರೆಂಟಿನ ಕೊಳೆಯನ್ನು ಸೋಸುವ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅವು ಅತಿ ಸಣ್ಣ ಪ್ರಮಾಣದ ವಿದ್ಯುತ್ತನ್ನು ಲೋಹದ ಪೆಟ್ಟಿಗೆಗೆ ಬಿಡುತ್ತವೆ, ಅಲ್ಲಿಂದ ಅದು ಮೂರನೆಯ ಪಿನ್‌ನ ಮೂಲಕ ಭೂಮಿಗೆ ಇಳಿಯಬೇಕು. ಅರ್ಥಿಂಗ್ ಇಲ್ಲದಿದ್ದರೆ ಇಳಿಯಲು ದಾರಿಯಿಲ್ಲ, ನಿಮ್ಮ ಕೈಯೇ ದಾರಿಯಾಗುತ್ತದೆ. ಆ ಜುಮ್ಮೆನ್ನುವಿಕೆಯಿಂದಲೇ ಪ್ರಾಣಕ್ಕೆ ಕುತ್ತು ಬರುವುದು ಅಪರೂಪ. ಆದರೆ ಅದು ಹೇಳುವ ಸಂಗತಿ ಗಂಭೀರ: ಈ ಮನೆಯಲ್ಲಿ ಅರ್ಥಿಂಗ್ ಕೆಲಸ ಮಾಡುತ್ತಿಲ್ಲ, ನಾಳೆ ಗ್ರೈಂಡರ್ ಅಥವಾ ಗೀಸರ್ ಒಳಗೆ ವೈರ್ ಸಡಿಲಾದರೆ ಅಲ್ಲಿಯೂ ರಕ್ಷಣೆ ಇಲ್ಲ.

ನೋಡಬೇಕಾದದ್ದು ಎರಡು. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ್ದರೆ ತೆಗೆದು ಎಸೆಯಿರಿ. ಅದು ಅರ್ಥಿಂಗ್ ದಾರಿಯನ್ನೇ ಕಡಿಯುತ್ತದೆ. ಅದಿಲ್ಲದೆಯೂ ಜುಮ್ಮೆಂದರೆ ನೆಲದಲ್ಲಿ ತೋಡಿದ ಅರ್ಥಿಂಗ್ ಗುಂಡಿಯ ಕಡೆ ನೋಡಬೇಕು. ನಮ್ಮ ಜಂಬುಮಣ್ಣು ಮಳೆಗಾಲದಲ್ಲಿ ನೆನೆದಿರುವಾಗ ಅರ್ಥಿಂಗ್ ಚೆನ್ನಾಗಿರುತ್ತದೆ, ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿ ಕಲ್ಲಾದಾಗ ಕೈಬಿಡುತ್ತದೆ. ಸಿಡಿಲು ಹೆಚ್ಚಿರುವುದೂ ಆಗಲೇ ಎಂಬುದು ನೆನಪಿರಲಿ. ಬೇಸಿಗೆಯಲ್ಲಿ ಗುಂಡಿಗೆ ಎರಡು ಮೂರು ದಿನಕ್ಕೊಮ್ಮೆ ನೀರು ಹಾಕಿ. ಗುಂಡಿಯನ್ನು, ತಂತಿಯನ್ನು ಪರೀಕ್ಷಿಸುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೆಲಸ, ನಿಮ್ಮದೂ ಅಲ್ಲ, ಕಂಪ್ಯೂಟರ್ ಅಂಗಡಿಯವರದೂ ಅಲ್ಲ. ಜೊತೆಗೆ ಅವರ ಕೈಯಲ್ಲೇ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿಕೊಳ್ಳಿ. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಖರ್ಚು ನನಗೆ ತೋಚುವುದಿಲ್ಲ.

ಕರೆಂಟ್ ಹೋದ ಕೂಡಲೇ ಆರಿಹೋಗುತ್ತದೆ

ಮನೆಗೆಲ್ಲ ಇನ್ವರ್ಟರ್ ಇದ್ದು, ಬಲ್ಬ್ ಉರಿಯುತ್ತಲೇ ಇದ್ದು, ಕಂಪ್ಯೂಟರ್ ಮಾತ್ರ ಆರಿ ಮತ್ತೆ ಶುರುವಾದರೆ ಇನ್ವರ್ಟರ್‌ನ ಹಿಂದೆ ಅಥವಾ ಮುಂದೆ ಇರುವ ಪುಟ್ಟ ಸ್ವಿಚ್ ನೋಡಿ. ಅನೇಕ ಇನ್ವರ್ಟರ್‌ಗಳಲ್ಲಿ ಸಾಧಾರಣ ಮತ್ತು ಯುಪಿಎಸ್ ಎಂದು ಎರಡು ಸ್ಥಿತಿಗಳಿರುತ್ತವೆ. ಸಾಧಾರಣ ಸ್ಥಿತಿಯಲ್ಲಿ ಬ್ಯಾಟರಿಗೆ ಹೊರಳುವ ಕ್ಷಣ ತುಸು ಉದ್ದ. ಬಲ್ಬ್ ಒಮ್ಮೆ ಮಿಟುಕಿ ಸುಮ್ಮನಾಗುತ್ತದೆ, ಕಂಪ್ಯೂಟರ್ ತಾಳುವುದಿಲ್ಲ. ಯುಪಿಎಸ್ ಸ್ಥಿತಿಗೆ ತಿರುಗಿಸಿದರೆ ಕೆಲಸ ಮುಗಿಯಿತು. ಕಾಸಿನ ಖರ್ಚಿಲ್ಲದ ರಿಪೇರಿ.

ಬೇರೆ ಯುಪಿಎಸ್ ಇದ್ದು ಅದು ಕರೆಂಟ್ ಹೋದೊಡನೆ ಸಾಯುತ್ತಿದ್ದರೆ ಬ್ಯಾಟರಿ ಮುದಿಯಾಗಿದೆ. ಅದರೊಳಗಿನ ಮುಚ್ಚಿದ ಸೀಸ ಆಮ್ಲದ ಬ್ಯಾಟರಿ ಎರಡು ಮೂರು ವರ್ಷ ಬಾಳಿದರೆ ಹೆಚ್ಚು. ಬ್ಯಾಟರಿಯ ಮೈ ಉಬ್ಬಿದ್ದರೆ ಅಥವಾ ಬಿಸಿಯಾಗಿದ್ದರೆ ಬಳಕೆ ನಿಲ್ಲಿಸಿ. ಹಳೆಯದನ್ನು ತೋಟದ ಮೂಲೆಗೆ ಎಸೆಯಬೇಡಿ. ಸೀಸ ಮಣ್ಣಿಗೆ, ಬಾವಿಗೆ ಇಳಿಯುತ್ತದೆ. ಹೊಸದು ಕೊಡುವ ಅಂಗಡಿಯವರು ಹಳೆಯದನ್ನು ವಾಪಸು ಪಡೆದು ಬೆಲೆಯಲ್ಲಿ ಕಡಿತ ಕೊಡುತ್ತಾರೆ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸೇರಿಸಬೇಡಿ, ಅದು ಬಿಸಿಯಾಗುವ ಗಳಿಗೆಯಲ್ಲಿ ಎಳೆಯುವ ಕರೆಂಟನ್ನು ಸಣ್ಣ ಯುಪಿಎಸ್ ತಡೆಯುವುದಿಲ್ಲ.

ಯುಪಿಎಸ್ ಸಿಡಿಲಿನಿಂದ ಕಾಪಾಡುತ್ತದೆ ಎಂಬ ನಂಬಿಕೆಯನ್ನು ಬಿಟ್ಟುಬಿಡಿ. ಹತ್ತಿರದಲ್ಲಿ ಬಿದ್ದ ಸಿಡಿಲಿಗೆ ಮನೆಯ ಯಾವ ಪೆಟ್ಟಿಗೆಯೂ ತಡೆಯಲ್ಲ. ಮೋಡ ಕಟ್ಟಿದಾಗಲೇ ಪ್ಲಗ್ ಕೀಳುವುದೊಂದೇ ರಕ್ಷಣೆ. ಕರೆಂಟಿನ ವೈರ್ ಮಾತ್ರವಲ್ಲ, ತಾಮ್ರದ ಟೆಲಿಫೋನ್ ಲೈನ್ ಇದ್ದರೆ ಅದನ್ನೂ, ಮೋಡೆಮ್‌ನಿಂದ ಕಂಪ್ಯೂಟರಿಗೆ ಬರುವ ಕೇಬಲನ್ನೂ ಕಿತ್ತಿಡಿ.

ದಿನಾಂಕ ಪ್ರತಿ ಬೆಳಗ್ಗೆ ಹಿಂದಕ್ಕೆ ಹೋಗುತ್ತದೆ

ಮದರ್‌ಬೋರ್ಡ್ ಎಂಬ ಒಳಗಿನ ಮುಖ್ಯ ಹಲಗೆಯ ಮೇಲೆ ನಾಣ್ಯದಂಥ ಒಂದು ಸೆಲ್ ಇದೆ, ಹೆಚ್ಚಿನವುಗಳಲ್ಲಿ ಸಿಆರ್2032, 3 ವೋಲ್ಟ್. ಅದು ಮುಗಿದಿದೆ. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ದಿನಾಂಕ ತಪ್ಪಿದ್ದರೆ ಬ್ಯಾಂಕ್, ಸರ್ಕಾರಿ ಜಾಲತಾಣಗಳು ‘ಸುರಕ್ಷಿತವಲ್ಲ’ ಎಂದು ತೆರೆಯಲು ನಿರಾಕರಿಸುತ್ತವೆ, ಏಕೆಂದರೆ ಅವುಗಳ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಇಂಟರ್ನೆಟ್ ಕೆಟ್ಟಿದೆ ಎಂದು ತಿಳಿಯುವ ಮೊದಲು ಪರದೆಯ ಮೂಲೆಯ ದಿನಾಂಕ ನೋಡಿ. ತೆಗೆದ ಸೆಲ್ಲನ್ನು ಚಿಕ್ಕ ಮಕ್ಕಳಿಂದ ದೂರವಿಡಿ. ನುಂಗಿದರೆ ಅನ್ನನಾಳ ಸುಡುತ್ತದೆ, ಕೂಡಲೇ ಆಸ್ಪತ್ರೆಗೆ ಓಡಬೇಕು.

ಬಿಸಿಯಾಗಿ ತಾನೇ ಆರುತ್ತದೆ, ಅಥವಾ ತೆವಳುತ್ತದೆ

ಶುರುವಾಗಿ ಹತ್ತು ಹದಿನೈದು ನಿಮಿಷಕ್ಕೆ, ಅದೂ ಭಾರದ ಕೆಲಸ ಮಾಡುವಾಗ, ಫ್ಯಾನ್ ಜೋರಾಗಿ ಕೂಗಿ ಆರಿಹೋದರೆ ಅದು ಬಿಸಿಯ ಲಕ್ಷಣ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಲ್ಲುತ್ತದೆ. ಅಡಿಕೆ ಬೇಯಿಸುವ ಮನೆಗಳಲ್ಲಿ ಕಟ್ಟಿಗೆ ಹೊಗೆಯ ಜಿಡ್ಡು ಧೂಳಿನೊಂದಿಗೆ ಸೇರಿ ಫ್ಯಾನಿನ ಕೆಳಗಿನ ಲೋಹದ ಎಸಳುಗಳ ನಡುವೆ ಕಂಬಳಿಯಂತೆ ಕೂರುತ್ತದೆ. ವೈರ್ ಕಿತ್ತು, ಅಂಗಳಕ್ಕೆ ತಂದು, ಒಣ ಪೇಂಟ್ ಬ್ರಷ್‌ನಿಂದ ಬಿಡಿಸಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ವಿಪರೀತ ತಿರುಗಿದರೆ ಅದರ ಬೇರಿಂಗ್ ಹಾಳು. ಸ್ವಚ್ಛ ಮಾಡಿದ ಮೇಲೂ ಬಿಸಿಯಾದರೆ ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿರುತ್ತದೆ, ಅದನ್ನು ಬದಲಿಸಲು ಅಂಗಡಿಗೆ ಕೊಡಿ.

ಬಿಸಿ ಇಲ್ಲದೆ ಬರಿಯ ನಿಧಾನವಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಬರುವ ಪಟ್ಟಿಯಲ್ಲಿ ಡಿಸ್ಕ್ ಸದಾ 100 ಶೇಕಡಾ ತೋರಿಸುತ್ತಿದ್ದರೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಸೋತಿದೆ. ಅದರ ಬದಲು ತಿರುಗುವ ಭಾಗವಿಲ್ಲದ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಹಾಕಿಸಿದರೆ ಹತ್ತು ವರ್ಷದ ಯಂತ್ರವೂ ಮತ್ತೆ ಚುರುಕಾಗುತ್ತದೆ. ಹೊಸ ಕಂಪ್ಯೂಟರ್ ಕೊಳ್ಳುವ ಮೊದಲು ಇದನ್ನು ಖಂಡಿತ ಕೇಳಿ ನೋಡಿ. ಒಂದು ಎಚ್ಚರಿಕೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಒಗ್ಗದಿದ್ದರೆ ವಿಂಡೋಸ್ ಬದಲು ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ ಹಾಕಿಸಬಹುದು. ಕನ್ನಡ ಅದರಲ್ಲೂ ಚೆನ್ನಾಗಿ ಬರುತ್ತದೆ.

ಒಳಗಿನಿಂದ ಟಿಕ್ ಟಿಕ್ ಸದ್ದು

ನಿಲ್ಲಿಸಿ. ಇದು ಮನೆಯಲ್ಲಿ ಪರೀಕ್ಷಿಸುವ ಲಕ್ಷಣವಲ್ಲ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆಯ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುವ ತಲೆ ತನ್ನ ಜಾಗ ಹುಡುಕಲಾರದೆ ಹೊಡೆದುಕೊಳ್ಳುವ ಸದ್ದು ಅದು. ‘ಇನ್ನೊಂದು ಸಲ ಹಚ್ಚಿ ನೋಡೋಣ’ ಎಂದು ಹಚ್ಚಿದ ಪ್ರತಿ ಸಲವೂ ತಟ್ಟೆ ಗೀರಬಹುದು, ಗೀರಿದ ಕಡೆಯ ಫೋಟೊ ಮತ್ತೆ ಬರುವುದಿಲ್ಲ. ಡಿಸ್ಕ್ ಸರಿಪಡಿಸುವ ತಂತ್ರಾಂಶ ಓಡಿಸಬೇಡಿ, ಫ್ರಿಜ್ಜಿನಲ್ಲಿಡುವ ಸಲಹೆ ಕೇಳಬೇಡಿ, ಫಾರ್ಮ್ಯಾಟ್ ಮಾಡಿಕೊಡುತ್ತೇನೆ ಎನ್ನುವವರ ಕೈಗೆ ಕೊಡಬೇಡಿ. ಒಳಗಿನದು ನಿಮಗೆ ಬೇಕಾದದ್ದಾದರೆ ಡೇಟಾ ಮರಳಿ ಪಡೆಯುವುದನ್ನೇ ವೃತ್ತಿ ಮಾಡಿಕೊಂಡವರಲ್ಲಿಗೆ ಒಯ್ಯಬೇಕು, ಅದು ದುಬಾರಿ.

ಈ ವಿಭಾಗ ಬರೆಯುವಾಗ ನನಗೆ ಸಂಕಟವಾಗುತ್ತದೆ. ಮನೆಗಳಲ್ಲಿ ಕಳೆದುಹೋಗುವುದು ಕಂಪ್ಯೂಟರ್ ಅಲ್ಲ, ತೀರಿಕೊಂಡ ಅಜ್ಜನ ಒಂದೇ ವಿಡಿಯೊ, ತೋಟದ ಹತ್ತು ವರ್ಷದ ಲೆಕ್ಕ, ಸ್ಕ್ಯಾನ್ ಮಾಡಿಟ್ಟ ಪಹಣಿ. ಕಂಪ್ಯೂಟರ್ ಚೆನ್ನಾಗಿ ಓಡುತ್ತಿರುವ ಈ ದಿನವೇ ಒಂದು ಬಾಹ್ಯ ಡಿಸ್ಕ್‌ಗೆ ನಕಲು ಮಾಡಿ, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಕಬ್ಬಿಣದ ಬೀರುವಿನಲ್ಲಿಡಿ. ಸದಾ ಸಿಕ್ಕಿಸಿಟ್ಟ ಡಿಸ್ಕ್ ಸಿಡಿಲಿಗೆ ಕಂಪ್ಯೂಟರ್ ಜೊತೆಗೇ ಹೋಗುತ್ತದೆ. ಇನ್ನೊಂದು ನಕಲು ಬೇರೆ ಊರಿನ ಮಗಳ ಮನೆಯಲ್ಲೋ, ಅಂತರ್ಜಾಲದ ಸಂಗ್ರಹದಲ್ಲೋ ಇರಲಿ.

ಇಂಟರ್ನೆಟ್ ಬರುತ್ತಿಲ್ಲ

ಫೈಬರ್ ಪೆಟ್ಟಿಗೆಯ ದೀಪಗಳೇ ಉತ್ತರ ಹೇಳುತ್ತವೆ. ಯಾವ ದೀಪವೂ ಇಲ್ಲದಿದ್ದರೆ ಅದಕ್ಕೆ ಕರೆಂಟ್ ಬರುತ್ತಿಲ್ಲ, ಅಡಾಪ್ಟರ್ ಹೋಗಿರಬಹುದು. ‘ಪಾನ್’ ದೀಪ ಹಸಿರಾಗಿ ಸ್ಥಿರವಾಗಿದ್ದರೆ ಲೈನ್ ಸರಿಯಿದೆ, ತೊಂದರೆ ನಿಮ್ಮ ವೈಫೈನಲ್ಲಿ ಅಥವಾ ಬಾಕಿ ಉಳಿದ ಬಿಲ್‌ನಲ್ಲಿ. ‘ಲಾಸ್’ ದೀಪ ಕೆಂಪಾಗಿ ಮಿನುಗಿದರೆ ಬೆಳಕು ನಿಮ್ಮ ಮನೆಗೆ ತಲುಪುತ್ತಿಲ್ಲ: ಎಲ್ಲೋ ಅಡಿಕೆ ಮರ ಬಿದ್ದು ಫೈಬರ್ ಕಡಿದಿದೆ, ಇಲ್ಲವೇ ಮನೆಯೊಳಗೇ ಮೇಜಿನ ಕಾಲಿಗೆ ಸಿಕ್ಕಿ ಚೂಪಾಗಿ ಮಡಚಿದೆ. ಮಡಚಿದ್ದರೆ ಬಿಡಿಸಿ, ಉಳಿದದ್ದಕ್ಕೆ ದೂರು ಕೊಡಿ. ಪೆಟ್ಟಿಗೆಯನ್ನು ನೂರು ಸಲ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ. ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಅದರ ಲೇಸರ್ ಕಣ್ಣಿಗೆ ಕಾಣದಿದ್ದರೂ ಹಾನಿ ಮಾಡಬಲ್ಲದು. ದಾರಿಯಲ್ಲಿ ಬಿದ್ದ ಕೇಬಲನ್ನು ಎತ್ತಿ ಕಟ್ಟಲು ಹೋಗಬೇಡಿ. ಅನೇಕ ಕಡೆ ಅದು ವಿದ್ಯುತ್ ಕಂಬದಲ್ಲೇ ಹಾದುಬರುತ್ತದೆ, ಮೇಲೆ ಯಾವ ತಂತಿಗೆ ತಾಗಿದೆಯೋ ಕೆಳಗೆ ನಿಂತವರಿಗೆ ತಿಳಿಯುವುದಿಲ್ಲ.

ಕನ್ನಡ ಅಕ್ಷರಗಳು ಚೌಕವಾಗಿ, ಅಥವಾ ಅರ್ಥವಿಲ್ಲದ ಇಂಗ್ಲಿಷಾಗಿ ಕಾಣುತ್ತವೆ

ಈ ಎರಡು ಲಕ್ಷಣಗಳು ಬೇರೆ ಬೇರೆ. ಬರಿಯ ಚೌಕಗಳು ಕಂಡರೆ ಪಠ್ಯ ಯೂನಿಕೋಡ್‌ನಲ್ಲಿದೆ (ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತ), ಕನ್ನಡ ಅಕ್ಷರವಿನ್ಯಾಸ ಯಂತ್ರದಲ್ಲಿಲ್ಲ. ಈಚಿನ ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇದ್ದೇ ಇರುತ್ತದೆ, ಹಳೆಯ ಕಡತಗಳು ಕೇಳುವ ತುಂಗಾ ಬೇಕಾದರೆ ಸೆಟ್ಟಿಂಗ್ಸ್‌ನ ಹೆಚ್ಚುವರಿ ಸೌಲಭ್ಯಗಳಲ್ಲಿ ಕನ್ನಡ ಫಾಂಟ್‌ಗಳನ್ನು ಸೇರಿಸಿ. ಕಡತ ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಬಗೆ) ಟೈಪ್ ಮಾಡಿದ್ದು. ಸೊಸೈಟಿ, ಶಾಲೆ, ವಕೀಲರ ಕಚೇರಿಗಳ ಹಳೆಯ ಪತ್ರಗಳು ಬಹುಪಾಲು ಹೀಗೇ ಇವೆ. ಕಡತ ಕೆಟ್ಟಿಲ್ಲ. ಎಲ್ಲವನ್ನೂ ಆಯ್ದು ‘ನುಡಿ 01 ಇ’ ಫಾಂಟ್ ಹಾಕಿದರೆ ಓದಬಹುದು. ಆದರೆ ಓದಿ ಸುಮ್ಮನಾಗಬೇಡಿ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿ, ಅರ್ಕಾವೊತ್ತು ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾರೆ ತಾಳೆ ನೋಡಿ ಉಳಿಸಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಆ ಪತ್ರ ನಿಮ್ಮ ಮಕ್ಕಳಿಗೆ ಓದಲು ಬಾರದು, ಹುಡುಕಿದರೆ ಸಿಗಲಾರದು.

ಪರದೆ ತುಂಬ ಎಚ್ಚರಿಕೆ, ಜೊತೆಗೆ ಒಂದು ಫೋನ್ ಸಂಖ್ಯೆ

‘ವೈರಸ್ ಬಂದಿದೆ, ಆರಿಸಬೇಡಿ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಕೂಗು, ಕೆಂಪು ಬಣ್ಣ. ಯಂತ್ರಕ್ಕೆ ಏನೂ ಆಗಿಲ್ಲ, ಇದು ಮೋಸದ ಪುಟ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ, ಆಮೇಲೆ ಆಲ್ಟ್ ಮತ್ತು ಎಫ್4 ಒತ್ತಿ. ಹೋಗದಿದ್ದರೆ ಪವರ್ ಗುಂಡಿಯನ್ನೇ ಒತ್ತಿ ಹಿಡಿದು ಆರಿಸಿ. ಮತ್ತೆ ಹಚ್ಚಿದಾಗ ಬ್ರೌಸರ್ ಹಳೆಯ ಪುಟ ತೆರೆಯಲೇ ಎಂದು ಕೇಳಿದರೆ ಬೇಡವೆನ್ನಿ. ಆ ಸಂಖ್ಯೆಗೆ ಕರೆ ಮಾಡಿ, ಅವರು ಹೇಳಿದ ತಂತ್ರಾಂಶ ಹಾಕಿಕೊಂಡು, ನಿಮ್ಮ ಪರದೆಯನ್ನು ಅವರ ಕೈಗೆ ಕೊಟ್ಟಿದ್ದರೆ ಕೂಡಲೇ ಇಂಟರ್ನೆಟ್ ಕೇಬಲ್ ಕೀಳಿ. ಹಣ ಹೋಗಿದ್ದರೆ ಗಳಿಗೆಯೂ ತಡಮಾಡದೆ ಸೈಬರ್ ವಂಚನೆ ದೂರಿನ 1930 ಸಂಖ್ಯೆಗೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮನೆಯವರು ಬೈಯುತ್ತಾರೆ ಎಂದು ಹಿರಿಯರು ಎರಡು ದಿನ ಮುಚ್ಚಿಡುತ್ತಾರೆ. ಅವರನ್ನು ಬೈಯಬೇಡಿ, ಪಕ್ಕದಲ್ಲಿ ಕೂತು ಫೋನ್ ಮಾಡಿಸಿ.

ಅಂಗಡಿಗೆ ಒಯ್ಯಲೇಬೇಕಾದಾಗ

ಕಂಡ ಲಕ್ಷಣವನ್ನು ಒಂದು ಚೀಟಿಯಲ್ಲಿ ಬರೆಯಿರಿ: ಯಾವಾಗ ಶುರುವಾಯಿತು, ಆ ದಿನ ಗುಡುಗು ಇತ್ತೇ, ಲೈಟು ಮಂಕಾಗಿತ್ತೇ, ಏನೇನು ಪರೀಕ್ಷಿಸಿದಿರಿ. ‘ಸರಿಯಿಲ್ಲ, ನೋಡಿ ಅಣ್ಣಾ’ ಎಂದಷ್ಟೇ ಹೇಳಿ ಬಿಟ್ಟುಬಂದರೆ ಅವರೂ ಕತ್ತಲಲ್ಲಿ ತಡಕುತ್ತಾರೆ, ಆ ಸಮಯಕ್ಕೆ ದುಡ್ಡು ನಿಮ್ಮದು. ಡಿಸ್ಕ್‌ನಲ್ಲಿ ಖಾಸಗಿ ಕಡತಗಳಿದ್ದು ದೋಷ ಬೇರೆ ಕಡೆ ಇದ್ದರೆ, ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಂಡು ಒಯ್ಯಬಹುದು. ನಿಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು ಎಂದು ಅದೇ ಚೀಟಿಯಲ್ಲಿ ಬರೆದು ಅವರ ಸಹಿ ಪಡೆಯಿರಿ. ಬದಲಿಸಿದ ಹಳೆಯ ಭಾಗವನ್ನು ವಾಪಸು ಕೇಳಿ, ಹೊಸದರ ಬಿಲ್ಲು ಮತ್ತು ವಾರಂಟಿ ಪಡೆಯಿರಿ. ಬಸ್ಸಿನಲ್ಲಿ ಒಯ್ಯುವಾಗ ಕ್ಯಾಬಿನೆಟನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಳ್ಳಿ, ಡಿಕ್ಕಿಯಲ್ಲಿ ಹಾಕಬೇಡಿ. ಮಳೆಯಲ್ಲಿ ನೆನೆದು ಮನೆಗೆ ಬಂದಿದ್ದರೆ ಆ ರಾತ್ರಿಯೇ ಹಚ್ಚಬೇಡಿ, ಮುಚ್ಚಳ ತೆರೆದು ಮರುದಿನದವರೆಗೆ ಗಾಳಿಗೆ ಬಿಡಿ.